ಮಿಲಿಟರಿ ಲಾರಿಗೆ ಮರುಜೀವ: ಹವ್ಯಾಸವೂ ಹೌದು, ಹೊಣೆಯೂ ಹೌದು

ವ್ಯಾಪಾರಸ್ಥರ ಮನೆಯಲ್ಲಿ ಲಾರಿ ಎಂದರೆ ಸರಕು, ಬಿಲ್ಟಿ, ಬಾಡಿಗೆ ಮತ್ತು ಹಮಾಲಿ. ಬೆಳಗಾವಿಯಿಂದ ಚೋರ್ಲಾ ಘಾಟ ಇಳಿದೋ ಅನಮೋಡ ಘಾಟ ಇಳಿದೋ ಪಣಜಿಯ ಪೇಟೆಗೆ ಕಾಯಿಪಲ್ಲೆ, ಉಳ್ಳಾಗಡ್ಡಿ, ಕಾಳುಕಡಿ ಬಂದರೆ ನಮ್ಮ ಅಂಗಡಿಗಳು ನಡೆಯುತ್ತವೆ. ಲಾರಿ ಒಂದು ದಿನ ತಡವಾದರೆ ಗಿರಾಕಿಗೆ ಉತ್ತರ ಹೇಳಬೇಕಾಗುತ್ತದೆ. ಆದುದರಿಂದ ಲಾರಿಯನ್ನು ಯಾರಾದರೂ ಹವ್ಯಾಸಕ್ಕಾಗಿ ಕೊಳ್ಳುತ್ತಾರೆ, ಅದೂ ಸೈನ್ಯ ಬಳಸಿ ಬಿಟ್ಟ ಹಳೆಯ ಲಾರಿಯನ್ನು ಕೊಂಡು ವರ್ಷಗಟ್ಟಲೆ ದುರಸ್ತಿ ಮಾಡುತ್ತಾರೆ ಎಂದರೆ ನಮ್ಮ ಹಿರಿಯರಿಗೆ ನಗು ಬರುವುದು ಸಹಜ. ಆದರೂ ಈ ಹವ್ಯಾಸ ಬೆಳೆಯುತ್ತಿದೆ. ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿಯವರು 2019ರಲ್ಲಿ ಸೇನೆಯ ಹಳೆಯ ‘ಜೋಂಗಾ’ ಗಾಡಿಯೊಂದನ್ನು ಕೊಂಡು ರಾಂಚಿಯ ಬೀದಿಯಲ್ಲಿ ಓಡಿಸಿದ ಮೇಲಂತೂ ಕಾಲೇಜು ಹುಡುಗರ ಬಾಯಲ್ಲಿ ಇದೇ ಮಾತು. ನಮ್ಮ ಸಮಾಜದ ಮನೆಗಳಲ್ಲಿಯೂ ಈ ಪ್ರಶ್ನೆ ಏಳುತ್ತಿರುವುದರಿಂದ, ತಿಳಿದ ಸಂಗತಿಗಳನ್ನೂ ನಮ್ಮ ಮನೆಯ ಅನುಭವವನ್ನೂ ಓದುಗ ಬಾಂಧವರ ಮುಂದೆ ಇಡುತ್ತಿದ್ದೇವೆ.

ಯುದ್ಧದ ಲಾರಿ ಊರಿಗೆ ಬಂದ ಬಗೆ

ಎರಡನೆಯ ಮಹಾಯುದ್ಧ ಶಸ್ತ್ರಾಸ್ತ್ರಗಳ ಯುದ್ಧವಾಗಿದ್ದಷ್ಟೇ ಲಾರಿಗಳ ಯುದ್ಧವೂ ಆಗಿತ್ತು. ಅಮೇರಿಕೆ ‘ಜೀಪ್’ ಒಂದನ್ನೇ ಆರು ಲಕ್ಷಕ್ಕೂ ಹೆಚ್ಚು ತಯಾರಿಸಿತು. ಕೆನಡಾದಂಥ ಕಡಿಮೆ ಜನಸಂಖ್ಯೆಯ ದೇಶ ಎಂಟು ಲಕ್ಷಕ್ಕೂ ಮಿಕ್ಕಿ ಮಿಲಿಟರಿ ವಾಹನಗಳನ್ನು ಕಟ್ಟಿತು. ಅವುಗಳಲ್ಲಿ ಅಸಂಖ್ಯ ಗಾಡಿಗಳು ಬರ್ಮಾ ಗಡಿಯ ಯುದ್ಧಕ್ಕೆಂದು ಭಾರತಕ್ಕೆ ಬಂದವು. 1945ರಲ್ಲಿ ಯುದ್ಧ ಮುಗಿಯಿತು, ಗಾಡಿಗಳು ಇಲ್ಲಿಯೇ ಉಳಿದವು. ಸರ್ಕಾರ ಅವನ್ನು ಹರಾಜಿಗೆ ಹಾಕಿತು. ‘ಡಿಸ್ಪೋಸಲ್ ಗಾಡಿ’ ಎಂಬ ಮಾತು ನಮ್ಮ ಊರುಗಳಿಗೆ ಬಂದದ್ದು ಆಗಲೇ. ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಿ ಜೀಪು ಮನೆಮಾತಾಯಿತು; ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳು ಕಾಡಿನ ದಾರಿಯಲ್ಲಿ ಮರದ ದಿಮ್ಮಿ ಎಳೆದವು.

ಸ್ವದೇಶಿ ಲಾರಿಯ ಕಥೆಯಲ್ಲಿ ನಮ್ಮ ಸಮಾಜದ ಒಬ್ಬರ ಹೆಸರು ಮೊದಲ ಸಾಲಿನಲ್ಲಿಯೇ ಬರುತ್ತದೆ. 1882ರಲ್ಲಿ ಸೊಲ್ಲಾಪುರದ ಜೈನ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿದ ಶೇಠ ವಾಲಚಂದ ಹೀರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್.ಎ.ಎಲ್. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. 1947ರಿಂದ ಮುಂಬಯಿಯ ಕುರ್ಲಾದಲ್ಲಿ ಕ್ರೈಸ್ಲರ್ ಕಂಪನಿಯ ಸಹಯೋಗದಲ್ಲಿ ಲಾರಿ, ಕಾರುಗಳ ಜೋಡಣೆ ಆರಂಭವಾಯಿತು. ಹಳೆಯ ಡಾಜ್, ಫಾರ್ಗೋ ಲಾರಿಗಳನ್ನು ಕಂಡವರಿಗೆ ಆ ಕಾರ್ಖಾನೆಯ ಪರಿಚಯ ಬೇಕಿಲ್ಲ.

ಸೈನ್ಯದ ಗಾಡಿಗಳಿಗೆ ಮಾತ್ರ ಜಬಲ್ಪುರವೇ ತವರುಮನೆ. 1950ರ ದಶಕದ ಕೊನೆಯಲ್ಲಿ ಜರ್ಮನಿಯ ‘ಮ್ಯಾನ್’ ಕಂಪನಿಯ ಪರವಾನಗಿ ಪಡೆದು ಅಲ್ಲಿನ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ‘ಶಕ್ತಿಮಾನ್’ ಲಾರಿ ತಯಾರಾಗತೊಡಗಿತು. ಮುಂದೆ ಜಪಾನಿನ ನಿಸಾನ್ ಕಂಪನಿಯ ಪರವಾನಗಿಯಲ್ಲಿ ‘ವನ್ ಟನ್’ ಎಂದು ಕರೆಯುವ ಸಣ್ಣ ಲಾರಿಯೂ ಜೋಂಗಾ ಎಂಬ ಜೀಪಿನಂಥ ಗಾಡಿಯೂ ಬಂದವು. 1969ರಲ್ಲಿ ಇವಕ್ಕಾಗಿಯೇ ಜಬಲ್ಪುರ ವೆಹಿಕಲ್ ಫ್ಯಾಕ್ಟರಿ ಆರಂಭವಾಯಿತು. ಜೋಂಗಾ ಎಂಬುದು ಜಪಾನೀ ಶಬ್ದವಲ್ಲ. ‘ಜಬಲ್ಪುರ ಆರ್ಡ್ನನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ’ ಎಂಬುದರ ಮೊದಲ ಅಕ್ಷರಗಳು ಅಷ್ಟೇ. ಶಕ್ತಿಮಾನ್ ತಯಾರಿಕೆ 1996ರಲ್ಲಿ ನಿಂತಿತು. ಅದರ ಜಾಗಕ್ಕೆ ಅಶೋಕ ಲೇಲ್ಯಾಂಡಿನ ಸ್ಟಾಲಿಯನ್ ಮತ್ತು ಟಾಟಾ ಲಾರಿಗಳು ಬಂದವು. ಇಂದು ಹವ್ಯಾಸಿಗಳ ಕೈಗೆ ಸಿಗುವ ಮಿಲಿಟರಿ ಗಾಡಿಗಳಲ್ಲಿ ಜಬಲ್ಪುರದ ಈ ಹಳೆಯ ಪೀಳಿಗೆಯವೇ ಹೆಚ್ಚು.

ಪಣಜಿಗೆ ಇದರ ನಂಟು

ಗೋವೆಯಲ್ಲಿ ವಾಸಿಸುವ ನಮಗೆ ಮಿಲಿಟರಿ ಲಾರಿ ಎಂದೊಡನೆ 1961ರ ಡಿಸೆಂಬರ್ ನೆನಪಾಗುತ್ತದೆ. ‘ಆಪರೇಷನ್ ವಿಜಯ್’ಗೆ ಬೆಳಗಾವಿಯೇ ಮುಖ್ಯ ನೆಲೆಯಾಗಿತ್ತು. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಪದಾತಿ ಡಿವಿಜನ್ ಮತ್ತು ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್ ಅಲ್ಲಿ ಜಮಾಯಿಸಿದವು. ನಮ್ಮ ದೊಡ್ಡಪ್ಪನವರು ಆಗ ಬೆಳಗಾವಿಯಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ. ಕ್ಯಾಂಪಿನ ರಸ್ತೆಯಲ್ಲಿ ಲಾರಿಗಳ ಸಾಲು ಮುಗಿಯುವುದನ್ನೇ ಕಾಯುತ್ತ ನಿಂತು ಶಾಲೆಗೆ ತಡವಾಗುತ್ತಿತ್ತು ಎಂದು ಅವರು ಇಂದಿಗೂ ಹೇಳುತ್ತಾರೆ.

ಡಿಸೆಂಬರ್ 18ರ ಬೆಳಗಿನ ಜಾವ ಸೈನ್ಯ ಗಡಿ ದಾಟಿತು. ಪೋರ್ಚುಗೀಜರು ಹಿಂದೆ ಸರಿಯುತ್ತ ಡಿಚೋಲಿ, ಅಸ್ನೋಡಾ ಮುಂತಾದೆಡೆ ಸೇತುವೆಗಳನ್ನು ಸಿಡಿಸಿದರು, ರಸ್ತೆಗಳಲ್ಲಿ ಮೈನು ಹೂತರು. ಗುಂಡಿನ ಕಾಳಗಕ್ಕಿಂತ ಈ ಮುರಿದ ದಾರಿಗಳೇ ಸೈನ್ಯವನ್ನು ಹೆಚ್ಚು ತಡೆದವು. 19ರ ಬೆಳಿಗ್ಗೆ ಮಾಂಡವಿ ದಾಟಿ ನಮ್ಮ ಸೈನಿಕರು ಪಣಜಿ ಪ್ರವೇಶಿಸಿದರು. ಅಂದು ರಾತ್ರಿ ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವಾ ಶರಣಾಗತಿಗೆ ಸಹಿ ಹಾಕಿದರು. 1510ರಿಂದ ನಡೆದುಬಂದ ಪರಕೀಯ ಆಳ್ವಿಕೆ ಮುಗಿಯಿತು. ಅನ್ನ, ನೀರು, ಮದ್ದು ಹೊತ್ತು ಸೈನ್ಯದ ಹಿಂದೆ ನಡೆದದ್ದು ಲಾರಿಗಳೇ. ಆದರೂ ಇತಿಹಾಸದ ಪುಸ್ತಕಗಳಲ್ಲಿ ಲಾರಿಗೆ ಒಂದು ಸಾಲೂ ಸಿಗುವುದಿಲ್ಲ. ವಾಸ್ಕೋ ಬಳಿಯ ಬೋಗ್ಮಾಳೊದಲ್ಲಿ 1998ರಲ್ಲಿ ಆರಂಭವಾದ ನೌಕಾ ವಿಮಾನ ವಸ್ತುಸಂಗ್ರಹಾಲಯದಲ್ಲಿ ವಿಮಾನಗಳಿವೆ. ಕಾರವಾರದ ಕಡಲ ದಂಡೆಯಲ್ಲಿ ‘ಚಾಪಲ್’ ಯುದ್ಧನೌಕೆ ಇದೆ. ಮಡಿಕೇರಿಯಲ್ಲಿ 2021ರಲ್ಲಿ ತೆರೆದ ಜನರಲ್ ತಿಮ್ಮಯ್ಯ ಸ್ಮಾರಕ ಭವನದ ಅಂಗಳದಲ್ಲಿ ಟ್ಯಾಂಕು ನಿಂತಿದೆ. ಸಾಮಾನು ಹೊತ್ತ ಲಾರಿ ಮಾತ್ರ ಬಹುಪಾಲು ಗುಜರಿಯ ಪಾಲು. ಅದನ್ನು ಉಳಿಸುವವರು ಹವ್ಯಾಸಿಗಳೇ.

ಧರ್ಮಸ್ಥಳದ ಮಾದರಿ

ಹಳೆಯ ವಾಹನ ಉಳಿಸುವುದು ದುಂದುಗಾರಿಕೆ ಎನ್ನುವವರಿಗೆ ಧರ್ಮಸ್ಥಳವನ್ನು ತೋರಿಸಬಹುದು. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ‘ಮಂಜೂಷಾ’ ವಸ್ತುಸಂಗ್ರಹಾಲಯದ ಜೊತೆಗೆ ಹಳೆಯ ಕಾರುಗಳ ಸಂಗ್ರಹವನ್ನೂ ಬೆಳೆಸಿದ್ದಾರೆ. ಯಾತ್ರಿಕರು ದರ್ಶನ ಮುಗಿಸಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾರೆ. 2023ರಲ್ಲಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಹೆಸರಿನ ಇನ್ನೊಂದು ಕಾರು ವಸ್ತುಸಂಗ್ರಹಾಲಯವೂ ಆರಂಭವಾಗಿದೆ. ಧರ್ಮಸ್ಥಳದ ಬೆಟ್ಟದ ಮೇಲಿನ 39 ಅಡಿಯ ಬಾಹುಬಲಿ ಮೂರ್ತಿಯನ್ನು ಕೆತ್ತಿದ್ದು ಕಾರ್ಕಳದಲ್ಲಿ. ಅಲ್ಲಿಂದ ಅದು ಅನೇಕ ಚಕ್ರಗಳ ಭಾರೀ ಟ್ರೇಲರಿನ ಮೇಲೆ ರಸ್ತೆಯಲ್ಲಿಯೇ ಬಂದು, 1982ರಲ್ಲಿ ಪ್ರತಿಷ್ಠೆಗೊಂಡಿತು. ಯಂತ್ರವೂ ಸೇವೆಗೆ ಒದಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಕೊಳ್ಳುವ ಮೊದಲು ಕಾಗದ

ಸೈನ್ಯ ಬೇಡವೆಂದ ಗಾಡಿಗಳು ಈಗ ಬಹುಮಟ್ಟಿಗೆ ಇ-ಹರಾಜಿನ ಮೂಲಕ ಮಾರಾಟವಾಗುತ್ತವೆ. 1964ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಎಂ.ಎಸ್.ಟಿ.ಸಿ. ಇಂಥ ಹರಾಜುಗಳನ್ನು ನಡೆಸುತ್ತದೆ. ಗಾಡಿ ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ ಎಂಬುದೇ ಷರತ್ತು. ಕೊಂಡ ಮೇಲೆ ದೂರು ಕೇಳುವವರಿಲ್ಲ. ಹಲವು ಗಾಡಿಗಳನ್ನು ಒಂದೇ ಲಾಟಿನಲ್ಲಿ ಮಾರುವುದರಿಂದ ಬಿಡಿ ಗಾಡಿ ಬೇಕಾದವರು ಸಾಮಾನ್ಯವಾಗಿ ಹರಾಜು ಹಿಡಿದ ವ್ಯಾಪಾರಿಯಿಂದಲೇ ಕೊಳ್ಳಬೇಕಾಗುತ್ತದೆ. ಇಲ್ಲಿಯೇ ಎಚ್ಚರ ಬೇಕು. ಕೆಲವು ಲಾಟುಗಳನ್ನು ಬರೀ ಗುಜರಿಯೆಂದು ಮಾರಿರುತ್ತಾರೆ. ಅಂಥ ಗಾಡಿಗೆ ಎಷ್ಟು ಬಣ್ಣ ಬಳಿದರೂ ರಸ್ತೆಗಿಳಿಯುವ ಹಕ್ಕು ಬರುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 60ನೇ ಕಲಮಿನ ಪ್ರಕಾರ ಸೇನೆಯ ಗಾಡಿಗಳ ನೋಂದಣಿ ಬೇರೆ. ಅದು ಸರ್ಕಾರದ ಸ್ವತ್ತಾಗಿರುವುದು ನಿಂತ ಕೂಡಲೇ ಕೊಂಡವರು ಎಲ್ಲರಂತೆ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ ಸೇನೆಯ ಬಿಡುಗಡೆ ಪತ್ರ, ಹರಾಜಿನ ಕಾಗದ, ಪ್ರತಿ ಕೈ ಬದಲಾದಾಗಲೂ ಮಾರಾಟದ ಪತ್ರ ಬೇಕು. ಇಂಜಿನ್ ನಂಬರು, ಚಾಸಿಸ್ ನಂಬರು ಕಾಗದದ ಜೊತೆ ತಾಳೆಯಾಗಬೇಕು. ಸೇನೆಯ ನಂಬರನ್ನು ಓದುವುದೂ ತಿಳಿದಿರಲಿ: ಮೇಲ್ಮುಖವಾದ ಬಾಣದ ಗುರುತಿನ ನಂತರದ ಎರಡು ಅಂಕಿಗಳು ಆ ಗಾಡಿ ಸೇನೆಗೆ ಸೇರಿದ ವರ್ಷವನ್ನು ಹೇಳುತ್ತವೆ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪ ಕೆಡಿಸದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ಆದರೆ ಈ ನಿಯಮ ಹೇಳುವುದು ಸ್ವಂತ ಬಳಕೆಯ ಎರಡು ಮತ್ತು ನಾಲ್ಕು ಚಕ್ರದ ವಾಹನಗಳ ಬಗ್ಗೆ. ಹೀಗಾಗಿ ಲಾರಿ ಕೊಳ್ಳುವವರು ತಮ್ಮ ಗಾಡಿ ಯಾವ ವರ್ಗಕ್ಕೆ ಬರುತ್ತದೆ ಎಂಬುದನ್ನು ಹಣ ಕೊಡುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಸರಕು ವಾಹನವೆಂದು ನೋಂದಣಿಯಾದರೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕೇ ಬೇಕು. 15 ವರ್ಷ ದಾಟಿದ ಗಾಡಿಗಳ ಶುಲ್ಕವೂ 2022ರ ಏಪ್ರಿಲ್‌ನಿಂದ ಏರಿದೆ.

ನಮ್ಮ ಮನೆಯಲ್ಲಿ ಈ ಮಾತು ಬಂದದ್ದು ಮೂರು ವರ್ಷಗಳ ಹಿಂದೆ. ಮನೆಯ ಇಬ್ಬರು ಹುಡುಗರು ಕಂಡುಬಂದ ಮೊದಲ ಗಾಡಿಗೆ ಬೆಲೆ ಬಹಳ ಕಡಿಮೆ. ನೋಡಲು ಚೆಂದ, ಇಂಜಿನ್ನೂ ಒಂದೇ ಹೊಡೆತಕ್ಕೆ ಸ್ಟಾರ್ಟು. ದೊಡ್ಡಪ್ಪನವರು ಒಂದೇ ಮಾತು ಕೇಳಿದರು: “ಗಾಡಿ ಭಾಳ ಚೊಲೋ ಐತಿ, ಕಾಗದ ಎಲ್ಲೈತಿ ತೋರಸ್ರಿ.” ಚಾಸಿಸ್ ಮೇಲಿನ ನಂಬರಿನ ತಗಡು ಹೊಸದಾಗಿ ರಿವೆಟ್ ಹೊಡೆದಂತಿತ್ತು, ಇಂಜಿನ್ ನಂಬರಿನಲ್ಲಿ ಎರಡು ಅಂಕಿ ತಾಳೆಯಾಗಲಿಲ್ಲ. “ಆಮೇಲೆ ಎಲ್ಲಾ ಸರಿ ಮಾಡಿಕೊಡತೀನಿ” ಎಂದು ಮಾರುವವರು ಹೇಳಿದರು. ನಾವು ಕೈಮುಗಿದು ಹೊರಟುಬಂದೆವು. ಹುಡುಗರು ಎರಡು ದಿನ ನಮ್ಮೊಡನೆ ನೆಟ್ಟಗೆ ಮಾತಾಡಲಿಲ್ಲ. ಏಳು ತಿಂಗಳ ನಂತರ ನಾಗರಿಕ ನೋಂದಣಿ ಆಗಲೇ ಆಗಿದ್ದ, ಕಾಗದವೆಲ್ಲ ಸರಿಯಿದ್ದ ನಿಸಾನ್ ವನ್ ಟನ್ ಒಂದು ಸಿಕ್ಕಿತು. ಅದರ ಇಂಜಿನ್ ಜಾಮ್ ಆಗಿತ್ತು, ಹಿಂದಿನ ಹಲಗೆಗಳಿಗೆ ಗೆದ್ದಲು ಹಿಡಿದಿತ್ತು. ಆದರೂ ಅದನ್ನೇ ಕೊಂಡೆವು. ಹಾಳಾದ ಇಂಜಿನ್ನನ್ನು ಮೇಸ್ತ್ರಿ ಸರಿಮಾಡುತ್ತಾನೆ. ಹಾಳಾದ ಕಾಗದವನ್ನು ಸರಿಮಾಡುವ ಮೇಸ್ತ್ರಿ ಇಲ್ಲ.

ಇಂಜಿನ್, ಬ್ರೇಕು, ಚಕ್ರ

ವರ್ಷಗಟ್ಟಲೆ ನಿಂತ ಇಂಜಿನ್ನನ್ನು ಬ್ಯಾಟರಿ ಕಟ್ಟಿ ಒಮ್ಮೆಲೇ ಸ್ಟಾರ್ಟ್ ಮಾಡಲು ಹೋಗಬಾರದು. ಸಿಲಿಂಡರಿನ ಗೋಡೆಗೆ ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಅಂಟಿರುತ್ತವೆ. ಬಲವಂತ ಮಾಡಿದರೆ ರಿಂಗು ಮುರಿದು ಗೋಡೆ ಗೀರುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ತೆಳುವಾದ ಎಣ್ಣೆ ಸುರಿದು ಕೆಲವು ದಿನ ಬಿಡಬೇಕು. ಆಮೇಲೆ ಹ್ಯಾಂಡಲಿನಿಂದ ಸ್ವಲ್ಪ ಸ್ವಲ್ಪವೇ ಹಿಂದಕ್ಕೂ ಮುಂದಕ್ಕೂ ಅಲುಗಿಸಬೇಕು. ನಮ್ಮ ಗಾಡಿ ಹನ್ನೊಂದನೆಯ ದಿನ ಒಂದು ಬೆರಳಿನಷ್ಟು ಅಲುಗಿತು. ಆ ಸಂಜೆ ಹುಡುಗರು ಪೇಢೆ ತಂದು ಹಂಚಿದರು.

ಮುಂದಿನ ಕೆಲಸ ಇಂಧನದ ದಾರಿಯದು. ಟ್ಯಾಂಕಿನ ಒಳಗಿನ ತುಕ್ಕು ಕಾರ್ಬುರೇಟರಿಗೆ ಬಂದರೆ ಎಲ್ಲ ಶ್ರಮವೂ ವ್ಯರ್ಥ. ಹಳೆಯ ಪೆಟ್ರೋಲ್ ಇಂಜಿನ್ನುಗಳಿಗೆ ಕಾಲಮಾನದ ತೊಡಕೂ ಇದೆ. ಅವು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು. ದೇಶದಲ್ಲಿ ಸೀಸದ ಪೆಟ್ರೋಲು 2000ದಲ್ಲಿ ನಿಂತಿತು. 2023ರಿಂದ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬರುತ್ತಿದೆ. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರುತ್ತದೆ. ಆದುದರಿಂದ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ವಾಷರುಗಳನ್ನೆಲ್ಲ ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಿಸಬೇಕು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು ಖಾಲಿ ಮಾಡಬೇಕು. ಸುಮಾರು ನಾಲ್ಕು ಲೀಟರ್ ಗಾತ್ರದ ಆರು ಸಿಲಿಂಡರಿನ ಇಂಜಿನ್ ಇದು. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡಿದರೆ ಅದೇ ಪುಣ್ಯ!

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಮಾಯಾಪುರಿ, ಜಬಲ್ಪುರದ ಅಂಗಡಿಗಳನ್ನು ಹುಡುಕುವುದು ರೂಢಿ. ಸಿಗದ ಭಾಗವನ್ನು ಮಾಡಿಸಲು ಬೆಳಗಾವಿಯ ಉದ್ಯಮಬಾಗ ನಮಗೆ ಹತ್ತಿರ. ಅಲ್ಲಿನ ಫೌಂಡ್ರಿ, ಲೇತ್ ಮಿಷನ್ನುಗಳಲ್ಲಿ ಹಳೆಯ ಮಾದರಿ ಕೊಟ್ಟರೆ ಬುಷ್, ಪಿನ್ನುಗಳನ್ನು ತಯಾರಿಸಿಕೊಡುವ ಕೈಗಳಿವೆ. ಎಪ್ಪತ್ತು ದಾಟಿದ ಮೇಸ್ತ್ರಿಗಳು ಕಿವಿಗೊಟ್ಟು ಕೇಳಿಯೇ ಟೈಮಿಂಗ್ ಹೇಳುತ್ತಾರೆ. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಲಾರಿಯ ಜೊತೆ ಅವರ ವಿದ್ಯೆಯನ್ನೂ ನಾಲ್ಕು ಹುಡುಗರು ಕಲಿತರೆ ಅದೇ ದೊಡ್ಡ ಲಾಭ.

ಇಂಜಿನ್ ಸ್ಟಾರ್ಟ್ ಆದ ಉತ್ಸಾಹದಲ್ಲಿ ಗಾಡಿ ಓಡಿಸಿಬಿಡುವುದು ಎಲ್ಲಕ್ಕಿಂತ ಅಪಾಯ. ನಿಲ್ಲಿಸಲು ಬಾರದ ಗಾಡಿಯನ್ನು ಚಲಿಸುವಂತೆ ಮಾಡಬಾರದು. ಮೊದಲು ಬ್ರೇಕು, ಆಮೇಲೆ ಇಂಜಿನ್. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುವುದರಿಂದ ಗೋವೆಯಂಥ ಊರಿನಲ್ಲಿ ಅದನ್ನು ಕ್ರಮವಾಗಿ ಬದಲಿಸುತ್ತಿರಬೇಕು; ಚಕ್ರದ ಸಿಲಿಂಡರುಗಳ ರಬ್ಬರ್ ಕಪ್ಪುಗಳನ್ನು ಹೊಸದು ಹಾಕಲೇಬೇಕು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಅದರ ಧೂಳು ಪುಪ್ಪುಸಕ್ಕೆ ವಿಷ. ಗಾಳಿ ಹೊಡೆದು ಸ್ವಚ್ಛ ಮಾಡದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಚಕ್ರದ ವಿಷಯದಲ್ಲಿ ಇನ್ನೊಂದು ಮಾತು. ಹಳೆಯ ಲಾರಿಗಳಲ್ಲಿ ಟೈರನ್ನು ಹಿಡಿದಿಡುವ ಲಾಕ್ ರಿಂಗ್ ಅಥವಾ ಎರಡು ಹೋಳಿನ ರಿಮ್ ಇರುತ್ತದೆ. ಗಾಳಿ ತುಂಬಿರುವಾಗ ಬಿಚ್ಚಿದರೆ, ಅಥವಾ ತುಕ್ಕು ಹಿಡಿದ ರಿಂಗಿಗೆ ಗಾಳಿ ತುಂಬಿದರೆ, ಅದು ತೋಪಿನ ಗುಂಡಿನಂತೆ ಸಿಡಿದು ಜೀವವನ್ನೇ ತೆಗೆದೀತು. ವಾಲ್ವಿನ ಪಿನ್ ತೆಗೆದು ಗಾಳಿಯೆಲ್ಲ ಹೋದ ಮೇಲೆಯೇ ನಟ್ಟಿಗೆ ಪಾನಾ ಹಾಕಬೇಕು. ತುಂಬುವಾಗ ಕಬ್ಬಿಣದ ಪಂಜರದೊಳಗಿಟ್ಟು ದೂರ ನಿಂತು ತುಂಬಬೇಕು. ನಮ್ಮ ಮನೆಯಲ್ಲಿ ಈ ಕೆಲಸವನ್ನು ಹುಡುಗರಿಗೆ ಬಿಡಲಿಲ್ಲ, ತಿಳಿದ ಟೈರಿನವರಿಂದಲೇ ಮಾಡಿಸಿದೆವು.

ಗೋವೆಯ ತುಕ್ಕು

ಪಣಜಿಯಲ್ಲಿ ಕಬ್ಬಿಣದ ಶತ್ರು ಗಾಳಿಯಲ್ಲಿಯೇ ಇದೆ. ಮಾಂಡವಿ ಕಡಲು ಸೇರುವ ಜಾಗ, ಉಪ್ಪಿನ ತೇವ. ಮೇಲೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪಣಜಿಯ ಹಿರಿಯರಿಗೆ 1986ರ ಜುಲೈ 5 ನೆನಪಿರುತ್ತದೆ. ಮಾಂಡವಿಯ ಸೇತುವೆ ಕಟ್ಟಿ ಇಪ್ಪತ್ತು ವರ್ಷವೂ ಆಗದೆ ಅಂದು ಕುಸಿಯಿತು. ಒಳಗಿನ ಉಕ್ಕಿಗೆ ಹಿಡಿದ ತುಕ್ಕು ಅದಕ್ಕೆ ಮುಖ್ಯ ಕಾರಣ. ಕಾಂಕ್ರೀಟಿನೊಳಗಿನ ಉಕ್ಕನ್ನೇ ಬಿಡದ ತುಕ್ಕು ಬಯಲಲ್ಲಿ ನಿಂತ ಲಾರಿಯನ್ನು ಬಿಟ್ಟೀತೆ?

ಹೊರಗಿನ ತಗಡಿನ ತುಕ್ಕು ಕಣ್ಣಿಗೆ ಕಾಣುತ್ತದೆ, ರಿಪೇರಿಯೂ ಸುಲಭ. ಚಾಸಿಸ್ಸಿನ ಒಳಮೈ, ಪಾಟಾಗಳ ನಡುವೆ ಕೆಸರು ಕಟ್ಟಿದ ಜಾಗ, ಕ್ಯಾಬಿನ್ನಿನ ಮೂಲೆಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಡಕೆಯಂತೆ ಬೊದ್ದು ಸದ್ದು ಕೊಡುತ್ತದೆ. ತಂತಿ ಬ್ರಷ್ಷಿನಿಂದ ಬರೀ ಲೋಹ ಕಾಣುವವರೆಗೆ ತಿಕ್ಕಿ ಅದೇ ದಿನ ರೆಡ್ ಆಕ್ಸೈಡ್ ಬಳಿಯಬೇಕು. ಒಂದು ರಾತ್ರಿ ಬಿಟ್ಟರೆ ಪಣಜಿಯ ಗಾಳಿಗೆ ಮತ್ತೆ ಕೆಂಪಾಗುತ್ತದೆ. ಗಾಡಿಯ ಮೇಲೆ ತಾಡಪತ್ರಿ ಬಿಗಿದು ನೆಲದವರೆಗೆ ಮುಚ್ಚುವುದು ಒಳ್ಳೆಯದಲ್ಲ, ಒಳಗೆ ತೇವ ಕಟ್ಟುತ್ತದೆ. ಮೇಲೆ ಮಾಡು, ಸುತ್ತ ಗಾಳಿಯಾಡುವ ಜಾಗ, ಟೈರಿನ ಭಾರ ಇಳಿಸಲು ಆಕ್ಸಲಿನ ಕೆಳಗೆ ಮರದ ದಿಮ್ಮಿ ಇಷ್ಟಿದ್ದರೆ ಸಾಕು. ನಾವು ಕೆಲಸವನ್ನೆಲ್ಲ ದೀಪಾವಳಿಯಿಂದ ಮೇ ತಿಂಗಳವರೆಗೆ ಇಟ್ಟುಕೊಂಡೆವು. ಮಳೆಗಾಲದಲ್ಲಿ ಗಾಡಿಯೂ ಚಾತುರ್ಮಾಸದಂತೆ ಒಂದೇ ಕಡೆ ನಿಂತಿತು.

ಬಣ್ಣದ ವಿಷಯದಲ್ಲಿ ಕಾನೂನೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಮಿಲಿಟರಿಯ ಹಸಿರು ಬಣ್ಣ ಬಳಿಯುವಂತಿಲ್ಲ. ಹುಡುಗರಿಗೆ ಇದೇ ದೊಡ್ಡ ನಿರಾಸೆ. ಸೇನೆಯ ಚಿಹ್ನೆಗಳನ್ನು, ಬಾಣದ ನಂಬರನ್ನು ಬರೆಸುವ ಆಸೆಯನ್ನೂ ಬಿಡಬೇಕು. ಆ ಬಣ್ಣ, ಆ ಗುರುತು ಸೈನಿಕರ ಹೊಣೆಯ ಗುರುತು. ನಾವು ಹಾಕಿಕೊಂಡರೆ ವೇಷವಾಗುತ್ತದೆ. ನಮ್ಮ ಗಾಡಿಗೆ ಬೂದು ಬಣ್ಣ ಬಳಿಸಿ, ಆ ಬದಲಾವಣೆಯನ್ನು ನೋಂದಣಿ ಪುಸ್ತಕದಲ್ಲಿಯೂ ಬರೆಸಿದೆವು.

ಆಯಿಯ ಪ್ರಶ್ನೆ

ಗಾಡಿ ಅಂಗಳಕ್ಕೆ ಬಂದ ದಿನ ಮನೆಯ ಆಯಿ ಕೇಳಿದರು: “ಯುದ್ಧದ ಗಾಡಿ ನಮ್ಮಂಥವರ ಮನೀಗೆ ಯಾಕಪಾ?” ಇದು ತೇಲಿಸಿಬಿಡುವ ಪ್ರಶ್ನೆಯಲ್ಲ. ನಾವು ಮನೆಯವರೆಲ್ಲ ಕೂಡಿ ವಿಚಾರ ಮಾಡಿದೆವು. ಇದು ಶಸ್ತ್ರವಲ್ಲ, ಹೊರೆ ಹೊರುವ ವಾಹನ. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮಹಾಪೂರ ಬಂದಾಗ ಸೈನಿಕರು ಇಳಿದು ನೀರಿನಲ್ಲಿ ಸಿಕ್ಕ ಜನರನ್ನು ಕಾಪಾಡಿದ್ದನ್ನು ಎಲ್ಲರೂ ಕಂಡಿದ್ದೇವೆ. ಆಯಿ ಅದನ್ನು ಒಪ್ಪಿದರು, ಆದರೆ ಎರಡು ಷರತ್ತು ಹಾಕಿದರು. ಪರಿಗ್ರಹಕ್ಕೆ ಮಿತಿ ಹಾಕಿಕೊಂಡ ಮನೆ ನಮ್ಮದು. ಇದು ಬಂದರೆ ಮನೆಯಲ್ಲಿದ್ದ ಒಂದು ಹಳೆಯ ಕಾರು ಹೋಗಬೇಕು. ಕಾರು ಹೋಯಿತು. ಎರಡನೆಯದು ಜೀವದಯೆಯ ಮಾತು. ವರ್ಷಗಟ್ಟಲೆ ನಿಂತ ಗಾಡಿಯೆಂದರೆ ಅದು ಒಂದು ಊರೇ. ಸೀಟಿನ ಕೆಳಗೆ ಇರುವೆಯ ಗೂಡು, ಬಾಗಿಲ ಒಳಗೆ ಹಲ್ಲಿಯ ಮೊಟ್ಟೆ, ಡ್ಯಾಶ್‌ಬೋರ್ಡಿನ ಹಿಂದೆ ಕಣಜ. ಗ್ಯಾರೇಜಿನಲ್ಲಿ ಸೀಮೆಎಣ್ಣೆ ಹೊಡೆದು ಒಂದೇ ಗಂಟೆಯಲ್ಲಿ ಮುಗಿಸುತ್ತಾರೆ. ನಾವು ಬಾಗಿಲುಗಳನ್ನೆಲ್ಲ ತೆರೆದು ಬಿಸಿಲಿಗೆ ನಿಲ್ಲಿಸಿ, ಅವು ತಾವಾಗಿ ಹೋಗುವವರೆಗೆ ಮೂರು ವಾರ ಕಾದೆವು. ಉಳಿದದ್ದನ್ನು ಮೆತ್ತನೆಯ ಪಿಂಛಿಯಂಥ ಬ್ರಷ್ಷಿನಿಂದ ಸರಿಸಿದೆವು. ಮೇಸ್ತ್ರಿ ಮೊದಲು ನಕ್ಕ. ಮೂರನೆಯ ವಾರ ಅವನೇ ಒಂದು ಹಲ್ಲಿಯನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟ. ಸೀಟುಗಳಿಗೆ ಚರ್ಮದ ಬದಲು ಗಟ್ಟಿ ಕ್ಯಾನ್‌ವಾಸ್ ಹೊಲಿಸಿದೆವು. ಸೇನೆಯ ಲಾರಿಗೆ ಮೊದಲಿನಿಂದಲೂ ಅದೇ ಒಪ್ಪುವ ಬಟ್ಟೆ.

ಖರ್ಚಿನ ಖಾತೆ

ಕೊಂಡ ಬೆಲೆ ಮೊದಲ ಕಂತು ಮಾತ್ರ ಎಂಬುದನ್ನು ವ್ಯಾಪಾರಸ್ಥರಿಗೆ ಬೇರೆ ಹೇಳಬೇಕಿಲ್ಲ. ನಮ್ಮ ಗಾಡಿಗೆ ದುರಸ್ತಿಯ ಖರ್ಚು ಬೆಲೆಯ ಎರಡು ಪಟ್ಟಿಗೂ ಮೀರಿತು. ಆದರೆ ಮೊದಲ ದಿನವೇ ಮನೆಯಲ್ಲಿ ಒಂದು ಕರಾರು ಆಗಿತ್ತು: ಅಂಗಡಿಯ ಬಂಡವಾಳಕ್ಕೆ ಕೈ ಹಚ್ಚಬಾರದು, ಸಾಲ ತರಬಾರದು, ಕಿರ್ದಿಯಲ್ಲಿ ಬೇರೆ ಖಾತೆ ಇಡಬೇಕು. ಹುಡುಗರು ತಮ್ಮ ಸಂಬಳದಿಂದ ತಿಂಗಳಿಗಿಷ್ಟು ಎಂದು ಹಾಕಿದರು. ಹಣ ಮುಗಿದ ತಿಂಗಳು ಕೆಲಸ ನಿಂತಿತು. ಒಮ್ಮೆ ನಾಲ್ಕು ತಿಂಗಳು ಗಾಡಿ ಚಕ್ರವಿಲ್ಲದೆ ದಿಮ್ಮಿಯ ಮೇಲೆ ಕೂತಿತ್ತು. ಬಂದುಹೋಗುವವರೆಲ್ಲ ತಮಾಷೆ ಮಾಡಿದರು. ಆದರೂ ಖಾತೆಯ ನಿಯಮ ಮುರಿಯಲಿಲ್ಲ. ಹವ್ಯಾಸದಿಂದ ಮನೆ ಒಡೆದ ಉದಾಹರಣೆಗಳಿವೆ. ಅವೆಲ್ಲ ಲೆಕ್ಕ ಬರೆಯದ ಹವ್ಯಾಸಗಳು.

ಲಾಭದ ಕಡೆಯನ್ನೂ ಬರೆಯಬೇಕು. ದಿನವಿಡೀ ಫೋನು ನೋಡುತ್ತ ಕೂಡುತ್ತಿದ್ದ ಹುಡುಗರು ಭಾನುವಾರ ಕೈಗೆ ಗ್ರೀಸು ಹಚ್ಚಿಕೊಂಡು ದೊಡ್ಡಪ್ಪನವರ ಪಕ್ಕದಲ್ಲಿ ಕೂತರು. 1961ರ ಕಥೆಯನ್ನು ಕೇಳಲು ಅವರಿಗೆ ಕಾರಣ ಸಿಕ್ಕಿತು. ಎಂಭತ್ತರ ಹತ್ತಿರದ ದೊಡ್ಡಪ್ಪನವರಿಗೂ ಸಂಜೆಗೆ ಒಂದು ಕೆಲಸ ಸಿಕ್ಕಿತು: ಬಿಚ್ಚಿದ ನಟ್ಟು ಬೋಲ್ಟುಗಳನ್ನು ಡಬ್ಬಿಗಳಲ್ಲಿ ತುಂಬಿ, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸುವುದು. ಕೂಡಿಸುವಾಗ ಒಂದು ಬೋಲ್ಟೂ ತಪ್ಪಲಿಲ್ಲ. ಐವತ್ತು ವರ್ಷ ಅಂಗಡಿ ನಡೆಸಿದ ಕೈ ಅದು.

ಕೊನೆಯದಾಗಿ

ಇಂಥ ಹವ್ಯಾಸ ಎಲ್ಲರಿಗೂ ಸಲ್ಲದು. ಜಾಗವಿಲ್ಲದವರು, ತಾಳ್ಮೆಯಿಲ್ಲದವರು, ಸಾಲ ಮಾಡಬೇಕಾದವರು ದೂರ ಇರುವುದು ಕ್ಷೇಮ. ಆಸಕ್ತಿಯಿದ್ದವರು ಮೊದಲು ಧರ್ಮಸ್ಥಳದ ಅಥವಾ ಶ್ರೀರಂಗಪಟ್ಟಣದ ಸಂಗ್ರಹವನ್ನು ಮಕ್ಕಳೊಡನೆ ನೋಡಿ ಬರಲಿ. ನಂತರ ಒಂದು ಹಳೆಯ ಗಾಡಿಯ ದುರಸ್ತಿ ನಡೆಯುವ ಗ್ಯಾರೇಜಿನಲ್ಲಿ ನಾಲ್ಕು ಭಾನುವಾರ ಕೂತು ನೋಡಲಿ. ಆಮೇಲೂ ಮನಸ್ಸಿದ್ದರೆ ಮೊದಲು ಕಾಗದ, ಎರಡನೆಯದಾಗಿ ಚಾಸಿಸ್, ಮೂರನೆಯದಾಗಿ ಬ್ರೇಕು, ಎಲ್ಲಕ್ಕೂ ಕೊನೆಗೆ ಬಣ್ಣ ಎಂಬ ಕ್ರಮವನ್ನು ಮರೆಯದಿರಲಿ. ಮನೆಯವರೆಲ್ಲ ಒಪ್ಪಿದ ಮೇಲೆಯೇ ಮುಂಗಡ ಕೊಡಲಿ. ಹೀಗೆ ನಡೆದುಕೊಂಡರೆ, ಗುಜರಿಗೆ ಹೋಗಬೇಕಾಗಿದ್ದ ಒಂದು ಲಾರಿ ಇನ್ನಷ್ಟು ವರ್ಷ ಉಳಿಯುತ್ತದೆ, ಅದನ್ನು ಕಟ್ಟುವ ನೆಪದಲ್ಲಿ ಮನೆಯ ಮೂರು ತಲೆಮಾರು ಒಂದೇ ಅಂಗಳದಲ್ಲಿ ಕೂಡುತ್ತದೆ.